ಕಾಣದ ಕಂಪ್ಯೂಟರಿಗೆ ಕಾಣುವ ಬಿಲ್ಲು

ತಾರಸಿಯ ಮೇಲಿನ ಟ್ಯಾಂಕು ತುಂಬಿ ಹರಿಯತೊಡಗಿದರೆ ಪಕ್ಕದ ಮನೆಯವರಾದರೂ ಕೂಗಿ ಹೇಳುತ್ತಾರೆ. ಯಾರೋ ಓಡಿಹೋಗಿ ಮೋಟರು ಆರಿಸುತ್ತಾರೆ. ಆದರೆ ಎಲ್ಲೋ ದೂರದ ಕಟ್ಟಡವೊಂದರಲ್ಲಿ ಬಾಡಿಗೆಗೆ ಪಡೆದ ಕಂಪ್ಯೂಟರು ಕೆಲಸವಿಲ್ಲದೆ ಓಡುತ್ತಿದ್ದರೆ ಕೂಗುವವರು ಯಾರೂ ಇಲ್ಲ. ತಿಂಗಳು ಮುಗಿದಾಗ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ.

ಹೀಗೆ ಬಾಡಿಗೆಗೆ ಸಿಗುವ ಕಂಪ್ಯೂಟರ್ ಶಕ್ತಿಗೇ ‘ಕ್ಲೌಡ್’ ಎಂದು ಹೆಸರು. ಇಂಜಿನಿಯರಿಂಗ್, ಬಿಸಿಎ ವಿದ್ಯಾರ್ಥಿಗಳ ಅನೇಕ ಪ್ರಾಜೆಕ್ಟುಗಳಿಗೆ ಈಗ ಇದು ಬೇಕು. ಖಾತೆ ತೆರೆಯುವಾಗ ದೊಡ್ಡ ಕಂಪೆನಿಗಳು ಸಾಮಾನ್ಯವಾಗಿ ಕಾರ್ಡಿನ ಸಂಖ್ಯೆ ಕೇಳುತ್ತವೆ. ಎಷ್ಟೋ ಮನೆಗಳಲ್ಲಿ ಆ ಕಾರ್ಡು ಅಪ್ಪನದೋ ಅಮ್ಮನದೋ ಆಗಿರುತ್ತದೆ. ಹಾಗಾಗಿ ಇದು ಮಕ್ಕಳಿಗೆ ಮಾತ್ರ ಸೇರಿದ ವಿಷಯವಲ್ಲ.

ಟೆಲಿಫೋನ್ ಸೇವೆಯಂತೆ ಕಂಪ್ಯೂಟರ್ ಶಕ್ತಿಯೂ ಮುಂದೆ ಸಾರ್ವಜನಿಕ ಸೇವೆಯಾಗಬಹುದು ಎಂದು ಅಮೆರಿಕದ ವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲೇ ಹೇಳಿದ್ದರು. ಅಮೆಜಾನ್ ಕಂಪೆನಿ 2006ರಲ್ಲಿ ಇಂಥ ಸೇವೆ ಆರಂಭಿಸಿದಾಗ ಅದು ಮನೆಮಾತಾಗುವ ಹಾದಿ ಹಿಡಿಯಿತು. ‘ಬಳಸಿದಷ್ಟಕ್ಕೆ ಹಣ’ ಎಂಬುದು ಅದರ ಸೂತ್ರ. ವಿದ್ಯಾರ್ಥಿಗಳು ಎಡವುವುದು ಈ ‘ಬಳಸುವುದು’ ಎಂಬ ಪದದಲ್ಲೇ. ಕಂಪ್ಯೂಟರಿಗೆ ಕೆಲಸ ಕೊಟ್ಟರೂ ಕೊಡದಿದ್ದರೂ ಅದು ಚಾಲೂ ಇರುವಷ್ಟು ಹೊತ್ತೂ ಬಳಕೆಯೇ. ಹೋಟೆಲಿನ ಕೋಣೆಗೆ ಬೀಗ ಹಾಕಿ ಊರು ಸುತ್ತಿದರೂ ಬಾಡಿಗೆ ಏರುವುದಿಲ್ಲವೇ, ಹಾಗೆ.

ಒಂದು ಸಣ್ಣ ಲೆಕ್ಕ ಹಾಕಬಹುದು. ಗಂಟೆಗೆ ಅರ್ಧ ಡಾಲರಿನ ಯಂತ್ರವನ್ನು ದಿನಕ್ಕೆ ಎರಡು ಗಂಟೆಯಂತೆ 30 ದಿನ ಬಳಸಿದರೆ ತಗಲುವುದು 30 ಡಾಲರ್. ಅದೇ ಯಂತ್ರವನ್ನು ಶುಕ್ರವಾರ ಸಂಜೆ 6ಕ್ಕೆ ಆರಿಸಲು ಮರೆತು, ಸೋಮವಾರ ಬೆಳಿಗ್ಗೆ 9ಕ್ಕೆ ನೆನಪಾದರೆ 63 ಗಂಟೆ. ಅಂದರೆ 31 ಡಾಲರ್ 50 ಸೆಂಟ್. ಒಂದು ವಾರಾಂತ್ಯದ ಮರೆವು ಇಡೀ ತಿಂಗಳ ಅಭ್ಯಾಸಕ್ಕಿಂತ ದುಬಾರಿ!

ಆರಿಸಿದರೂ ಎಲ್ಲ ಮುಗಿಯುವುದಿಲ್ಲ. ಯಂತ್ರ ನಿಂತರೂ ಅದಕ್ಕೆ ಜೋಡಿಸಿದ ಡಿಸ್ಕಿನ ಬಾಡಿಗೆ ನಿಲ್ಲುವುದಿಲ್ಲ. ಕಾದಿರಿಸಿದ ಅಂತರಜಾಲ ವಿಳಾಸಕ್ಕೂ ಶುಲ್ಕವಿದೆ. ಅಮೆಜಾನಿನಲ್ಲಿ 2024ರ ಫೆಬ್ರುವರಿಯಿಂದ ಸಾರ್ವಜನಿಕ ಐಪಿವಿ4 ವಿಳಾಸವೊಂದಕ್ಕೆ ಗಂಟೆಗೆ ಅರ್ಧ ಸೆಂಟ್. ಪ್ರಾಜೆಕ್ಟು ಒಪ್ಪಿಸಿದ ದಿನವೇ ಇವೆಲ್ಲವನ್ನೂ ಹುಡುಕಿ ಅಳಿಸಬೇಕು.

ಖಾತೆ ತೆರೆದ ದಿನವೇ ‘ಬಜೆಟ್’ ಎಚ್ಚರಿಕೆಯನ್ನೂ ಇಡಬೇಕು. ಖರ್ಚು ಇಷ್ಟು ದಾಟಿದರೆ ಇಮೇಲ್ ಬರುತ್ತದೆ. ಆ ಇಮೇಲ್ ತಂದೆತಾಯಿಗೂ ಹೋಗುವಂತಿದ್ದರೆ ಇನ್ನೂ ಒಳ್ಳೆಯದು. ಆದರೆ ಅದು ಗಂಟೆಯೇ ಹೊರತು ಬೀಗವಲ್ಲ. ಬರೀ ಎಚ್ಚರಿಕೆಯಿಂದ ಖರ್ಚು ತಾನಾಗಿ ನಿಲ್ಲದು. ಬಿಲ್ಲಿನ ಅಂಕಿಗಳೂ ಕೆಲವು ಗಂಟೆ ತಡವಾಗಿ ಕಾಣಿಸುತ್ತವೆ. ಖಾತೆಯ ರಹಸ್ಯ ಕೀಲಿಯನ್ನು ಪ್ರೋಗ್ರಾಮಿನಲ್ಲೇ ಬರೆದು ಗಿಟ್‌ಹಬ್ಬಿನಲ್ಲಿ ಬಹಿರಂಗವಾಗಿ ಇಡುವುದಂತೂ ಮನೆಯ ಕೀಲಿಯನ್ನು ಬಾಗಿಲಿಗೇ ತೂಗುಹಾಕಿದಂತೆ. ಅಂಥ ಕೀಲಿಗಳನ್ನು ಹುಡುಕಲೆಂದೇ ಕಳ್ಳರ ಪ್ರೋಗ್ರಾಮುಗಳು ಓಡಾಡುತ್ತಿರುತ್ತವೆ.

ಎಚ್ಚರದಿಂದ ಇದ್ದವರಿಗೂ ಏಟು ಬೀಳುವುದುಂಟು. 2024ರಲ್ಲಿ ಇಂಜಿನಿಯರ್ ಒಬ್ಬರು ಅಮೆಜಾನಿನಲ್ಲಿ ಖಾಲಿ ಸಂಗ್ರಹವೊಂದನ್ನು ತೆರೆದಿಟ್ಟರು. ಒಂದು ಜನಪ್ರಿಯ ತಂತ್ರಾಂಶವೂ ಅದೇ ಹೆಸರಿನ ಸಂಗ್ರಹವನ್ನು ಹುಡುಕುವಂತೆ ಸಿದ್ಧವಾಗಿತ್ತು. ಬೇರೆಯವರ ಯಂತ್ರಗಳು ಒಂದೇ ದಿನ ಸುಮಾರು 10 ಕೋಟಿ ಸಲ ಆ ಬಾಗಿಲು ತಟ್ಟಿದವು. ಬಂದ ಬಿಲ್ಲು 1,300 ಡಾಲರಿಗೂ ಹೆಚ್ಚು. ಅವರು ಸುಮ್ಮನೆ ಕೂರದೆ ಕಂಪೆನಿಗೆ ತಿಳಿಸಿದರು, ಬಿಲ್ಲು ರದ್ದಾಯಿತು. ಅದೇ ಮೇ ತಿಂಗಳಲ್ಲಿ, ಅನುಮತಿಯಿಲ್ಲದೆ ಹೊರಗಿನಿಂದ ಬರುವ ಇಂಥ ಕೋರಿಕೆಗಳಿಗೆ ಶುಲ್ಕವಿಲ್ಲವೆಂದು ಕಂಪೆನಿ ನಿಯಮವನ್ನೇ ಬದಲಿಸಿತು. ಎಲ್ಲರ ಬಿಲ್ಲೂ ಹೀಗೆ ರದ್ದಾಗುತ್ತದೆಂಬ ಭರವಸೆಯಿಲ್ಲ. ಆದರೆ ಬೇಗ ಹೇಳಿದರೆ ದಾರಿಯುಂಟು, ಮುಚ್ಚಿಟ್ಟರೆ ಮೀಟರು ಓಡುತ್ತಲೇ ಇರುತ್ತದೆ.

ದೊಡ್ಡ ಬಿಲ್ಲು ಕಂಡ ಮಗು ಮೊದಲು ಹೆದರುವುದು ಕಂಪೆನಿಗಲ್ಲ, ಮನೆಯವರಿಗೆ. ಬೈಗುಳದ ಭಯದಿಂದ ಎರಡು ದಿನ ಮುಚ್ಚಿಟ್ಟರೆ ಆ ಎರಡು ದಿನದ ಬಾಡಿಗೆಯೂ ಸೇರುತ್ತದೆ. ಕಾರ್ಡು ಕೊಡುವ ದಿನವೇ ‘ಏನಾದರೂ ಎಡವಟ್ಟಾದರೆ ಮೊದಲು ನಮಗೆ ಹೇಳು’ ಎಂಬ ಮಾತನ್ನೂ ಕೊಟ್ಟರೆ ಅದಕ್ಕಿಂತ ದೊಡ್ಡ ಉಳಿತಾಯವಿಲ್ಲ. ಮಲಗುವ ಮುನ್ನ ಗ್ಯಾಸು ಆರಿಸಿದೆಯಾ, ದೀಪ ಆರಿಸಿದೆಯಾ ಎಂದು ಕೇಳುವ ಮನೆಗಳಲ್ಲಿ ಇನ್ನು ಮುಂದೆ ಇನ್ನೊಂದು ಪ್ರಶ್ನೆಯೂ ಸೇರಲಿ.