ಬೋರ್ಡಿನಲ್ಲಿ ಕನ್ನಡ, ಬಿಲ್ಲಿನಲ್ಲಿ ಸೊನ್ನೆ!

ಕನ್ನಡದ ಯುವಕ ಯುವತಿಯರೇ,

ಮನೆಯ ಕಂಪ್ಯೂಟರ್ ಕೆಲಸದ ನಡುವೆ ದಿಢೀರನೆ ಬಂದ್ ಆಗುತ್ತದೆ. ಹೊಸಪೇಟೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋಗುತ್ತೀರಿ. ಬೋರ್ಡಿನಲ್ಲಿ ಶೇ. 60 ಕನ್ನಡವಿರಬೇಕೆಂದು 2024ರ ತಿದ್ದುಪಡಿ ಕಾನೂನು ಹೇಳಿದೆ. ಒಳಗೆ ಸಿಗುವ ಉತ್ತರ: "ಮದರ್‌ಬೋರ್ಡ್ ಪ್ರಾಬ್ಲಂ, ರೀಪ್ಲೇಸ್ ಮಾಡ್ಬೇಕು." ಹೇಗೆ ಗೊತ್ತಾಯಿತು ಎಂದು ಎಷ್ಟು ಜನ ಕೇಳುತ್ತೀರಿ? ಇಂಗ್ಲಿಷಿನಲ್ಲಿ ಹೇಳಿದ್ದು ಸತ್ಯವೇ ಇರಬೇಕೆಂದು ತಲೆಯಾಡಿಸಿ ದುಡ್ಡು ಎಣಿಸುತ್ತೀರಿ. ಇದಕ್ಕೆ ಗುಲಾಮಗಿರಿ ಎನ್ನದೆ ಇನ್ನೇನೆನ್ನಬೇಕು?

ಎಲ್ಲ ಮೆಕ್ಯಾನಿಕ್‌ಗಳೂ ಮೋಸಗಾರರಲ್ಲ. ಆದರೆ ಗಿರಾಕಿಗೆ ಏನೂ ತಿಳಿಯದ ವ್ಯಾಪಾರದಲ್ಲಿ ಪ್ರಾಮಾಣಿಕನೂ ಮೋಸಗಾರನೂ ಒಂದೇ ರೀತಿ ಕಾಣುತ್ತಾರೆ.

ಕಂಪ್ಲಿಯ ರೈತನನ್ನು ನೋಡಿ. ಗದ್ದೆಯ ಪಂಪ್‌ಸೆಟ್ ನಿಂತರೆ ವೋಲ್ಟೇಜ್ ಕಮ್ಮಿಯೋ, ಫೇಸ್ ಹೋಗಿದೆಯೋ, ಮೋಟರ್ ಸುಟ್ಟಿದೆಯೋ ಎಂದು ತಾನೇ ನೋಡುತ್ತಾನೆ. ಮೆಕ್ಯಾನಿಕ್ ಬಂದರೆ ಕನ್ನಡದಲ್ಲೇ ವಾದ ಮಾಡುತ್ತಾನೆ. ಪದಗಳು ಹೊರಗಿನವು, ವಿಚಾರ ಮಾತ್ರ ಅವನ ಸ್ವಂತದ್ದು. ಡಿಗ್ರಿ ಪಡೆದ ನಿಮಗೆ ಅಷ್ಟೂ ಆಗದೇ?

ಆಗುತ್ತದೆ! ಕನ್ನಡದಲ್ಲೇ ಕೇಳಿ:

ಕರೆಂಟು ಹೋದಾಗ ಮಾತ್ರ ಬಂದ್ ಆಗುತ್ತದೆಯೇ? ಹಾಗಿದ್ದರೆ ಮೊದಲು ಯುಪಿಎಸ್ ಬ್ಯಾಟರಿ ನೋಡಿ. ದೀಪ, ಫ್ಯಾನು ನಡೆಯುತ್ತಿದ್ದು ಕಂಪ್ಯೂಟರ್ ಒಂದೇ ಸಾಯುತ್ತದೆಯೇ? ಪ್ಲಗ್ಗು, ವೈರು ಸಡಿಲವಿರಬಹುದು, ಎಸ್‌ಎಂಪಿಎಸ್ ಸೋತಿರಬಹುದು. ಹತ್ತಿಪ್ಪತ್ತು ನಿಮಿಷ ಭಾರಿ ಕೆಲಸ ಕೊಟ್ಟ ಮೇಲೆಯೇ ಸಾಯುತ್ತದೆಯೇ? ಹೆಚ್ಚಾಗಿ ಅದು ಬಿಸಿ. ಪ್ರೊಸೆಸರ್ ನೂರು ಡಿಗ್ರಿಯ ಆಸುಪಾಸಿಗೆ ಬಂದರೆ ಮೊದಲು ವೇಗ ಇಳಿಸುತ್ತದೆ, ಅದೂ ಸಾಲದಿದ್ದರೆ ಸುಟ್ಟುಹೋಗದಿರಲು ಯಂತ್ರವೇ ಬಂದ್ ಆಗುತ್ತದೆ. ತಾನೇ ಮತ್ತೆ ಮತ್ತೆ ಶುರುವಾಗುತ್ತಿದ್ದರೆ ರ್‍ಯಾಮನ್ನೂ ಪರೀಕ್ಷಿಸಿ.

ಸಂಡೂರಿನವರಿಗೆ ಇದು ಇನ್ನೂ ಹತ್ತಿರದ ಮಾತು. ಅದಿರಿನ ಕೆಂಪು ಧೂಳು ಮನೆಯ ಅಟ್ಟವನ್ನೇ ಬಿಡುವುದಿಲ್ಲ, ಹೀಟ್‌ಸಿಂಕಿನ ಸಂದನ್ನು ಬಿಟ್ಟೀತೇ? ಗಾಳಿ ಆಡದಿದ್ದರೆ ಬೇಸಿಗೆಯಲ್ಲಿ ಗತಿಯೇನು? ವೈರು ಕಿತ್ತು, ಪಕ್ಕದ ಮುಚ್ಚಳ ತೆಗೆದು, ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು, ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯಿರಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ವೈರು ಕಿತ್ತ ಮೇಲೂ ಅದರೊಳಗೆ ಜೀವ ತೆಗೆಯುವ ಕರೆಂಟು ಉಳಿದಿರುತ್ತದೆ.

ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಎಂದು ಕಂಡರೆ ಗಾಬರಿ ಬೇಡ. ಯಂತ್ರ ಸರಿಯಾಗಿ ಮುಚ್ಚದೆ ನಿಂತಿತು ಎಂದಷ್ಟೇ ಅದರ ಅರ್ಥ. ಅದನ್ನೇ ತೋರಿಸಿ "ಬೋರ್ಡ್ ಹೋಗಿದೆ" ಎಂದರೆ ನಂಬಬೇಡಿ.

ಇಂಗ್ಲಿಷ್ ಕಲಿಯಬೇಡಿ ಎಂದು ಯಾರೂ ಹೇಳುತ್ತಿಲ್ಲ. ಹಂಪಿಯ ಹುಡುಗರು ಪರದೇಶಿ ಪ್ರವಾಸಿಗಳೊಡನೆ ಅವರ ಭಾಷೆಯಲ್ಲೇ ವ್ಯಾಪಾರ ಮಾಡುತ್ತಾರೆ. ಗಿರಾಕಿಯ ಭಾಷೆಯಲ್ಲಿ ಮಾತಾಡುವುದೇ ವ್ಯಾಪಾರದ ಧರ್ಮ. ಆ ಧರ್ಮ ಕನ್ನಡದ ಗಿರಾಕಿಗೇಕೆ ಇಲ್ಲ? ನಾವು ಕೇಳಲಿಲ್ಲ, ಅದಕ್ಕೇ ಇಲ್ಲ!

ಅದೇ ಹಂಪಿಯಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ. ಶಾಸನ, ಜಾನಪದದ ಪಕ್ಕದಲ್ಲಿ ಯಂತ್ರ ರಿಪೇರಿಯ ಸರಳ ಕೈಪಿಡಿಗಳೂ ಅಲ್ಲಿಂದ ಬರಲಿ. ಬದುಕಿಗೆ ಬೇಕಾದ ತಿಳುವಳಿಕೆ ಸಿಗದ ಭಾಷೆಯನ್ನು ಮಕ್ಕಳು ನವೆಂಬರ್ ಒಂದಕ್ಕೆ ಮಾತ್ರ ನೆನೆಯುತ್ತಾರೆ.

ಇಂದೇ ಮೂರು ಕೆಲಸ ಮಾಡಿ. ದೋಷವೇನು, ಪರೀಕ್ಷಿಸಿದ್ದು ಹೇಗೆ ಎಂಬುದನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ಬಿಲ್ಲನ್ನೂ ಕನ್ನಡದಲ್ಲೇ ಕೇಳಿ. ತೆಗೆದ ಹಳೆಯ ಭಾಗವನ್ನು ವಾಪಸ್ ಪಡೆಯಿರಿ. ಬೋರ್ಡಿಗಾಗಿ ಬೀದಿಗಿಳಿದವರು ನಾವು. ಅಂಗಡಿಯ ಒಳಗೆ ಬಾಯಿ ಕಟ್ಟಿಕೊಂಡು ನಿಂತರೆ ಆ ಹೋರಾಟ ಬಣ್ಣದ ತಗಡಿಗಷ್ಟೇ ಆಯಿತು!