ಲಾಹೋರ್ 43 ಕಿ.ಮೀ., ದಾರಿ ದುಬೈ ಮೇಲೆ!

ಅಮೃತಸರದ ವಿಮಾನ ನಿಲ್ದಾಣದಿಂದ ಲಾಹೋರಿನ ವಿಮಾನ ನಿಲ್ದಾಣಕ್ಕೆ ಗೆರೆ ಎಳೆದು ಅಳೆದರೆ ಸುಮಾರು 43 ಕಿ.ಮೀ. ಮೈಸೂರಿನಿಂದ ಮಂಡ್ಯಕ್ಕೆ ಹೋದಷ್ಟು ಅನ್ನಿ. ತಿಂಡಿ ತಿಂದು ಬಸ್ಸು ಹತ್ತಿದರೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ತಲುಪುವ ದೂರ. ಆದರೆ 2025ರ ಏಪ್ರಿಲ್‌ನಲ್ಲಿ ಅಟಾರಿ ಗಡಿ ಮುಚ್ಚಿದ ಮೇಲೆ, ಅಮೃತಸರದವನು ಲಾಹೋರಿಗೆ ಹೋಗಲೇಬೇಕೆಂದರೆ (ವೀಸಾ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ) ಮೊದಲು ದುಬೈಗೋ ಇನ್ನೆಲ್ಲಿಗೋ ಹಾರಬೇಕಾಯಿತು.

ದಿಲ್ಲಿಯ ಲೆಕ್ಕ ಇನ್ನೂ ಸೊಗಸು. ಲಾಹೋರಿಗೆ ನೇರ 420 ಕಿ.ಮೀ.; ವಿಮಾನ ಇದ್ದ ಕಾಲದಲ್ಲಿ ಒಂದು ಗಂಟೆ ಚಿಲ್ಲರೆ. ದುಬೈ ಸುತ್ತಿದರೆ 4,100 ಕಿ.ಮೀ.ಗೂ ಮೇಲೆ. ಆಕಾಶದಲ್ಲೇ ಆರೇಳು ಗಂಟೆ, ದುಬೈಯಲ್ಲಿ ಕೂತು ಕಾಯೋದು ಬೇರೆ. ಕೊಂಕಣ ಸುತ್ತಿ ಮೈಲಾರಕ್ಕೆ ಬರೋದು ಅಂದರೆ ಇದೇ.

ಇದು ಒಂದೇ ದಿನಕ್ಕೆ ಆದದ್ದೂ ಅಲ್ಲ. 1999ರಲ್ಲಿ ವಾಜಪೇಯಿ ಬಸ್ಸಿನಲ್ಲಿ ಕೂತು ಗಡಿ ದಾಟಿದರು. ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಆ ದಿಲ್ಲಿ-ಲಾಹೋರ್ ಬಸ್ಸು ನಿಂತಿತು, 2003ರಲ್ಲಿ ಮತ್ತೆ ಹೊರಟಿತು, 2019ರ ಆಗಸ್ಟ್‌ನಲ್ಲಿ ಸಂಜೋತಾ ರೈಲಿನ ಜೊತೆಗೇ ಮತ್ತೆ ನಿಂತಿತು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರ ಕೊಲೆ. ಮರುದಿನವೇ ಭಾರತ ಅಟಾರಿ ಬಂದ್ ಅಂದಿತು. 24ಕ್ಕೆ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿತು, 30ಕ್ಕೆ ಭಾರತವೂ ಮುಚ್ಚಿತು. ಆಮೇಲೆ ತಿಂಗಳು ತಿಂಗಳೂ ನೋಟೀಸು, ಬಾಡಿಗೆ ಕರಾರು ಮುಂದುವರಿಸಿದ ಹಾಗೆ.

ಕೊಲೆಗಡುಕರನ್ನು ಸುಮ್ಮನೆ ಬಿಡಿ ಅಂತ ಯಾರೂ ಹೇಳೋದಿಲ್ಲ. ಆದರೆ ಬಿಲ್ಲು ಯಾರ ಹೆಸರಿಗೆ ಬರುತ್ತಿದೆ ಅಂತಲೂ ನೋಡಬೇಕಲ್ಲ? 2019ರಲ್ಲಿ ಪಾಕಿಸ್ತಾನ ನಾಲ್ಕೂವರೆ ತಿಂಗಳು ಆಕಾಶ ಮುಚ್ಚಿದ್ದಾಗ, ಜುಲೈ 2ರ ಹೊತ್ತಿಗೇ ಏರ್ ಇಂಡಿಯಾಗೆ 491 ಕೋಟಿ ರೂಪಾಯಿ ನಷ್ಟ ಅಂತ ಮಂತ್ರಿಗಳೇ ರಾಜ್ಯಸಭೆಗೆ ತಿಳಿಸಿದ್ದರು. ಆಗ ಅದು ಸರ್ಕಾರದ ಕಂಪನಿ, ಅಂದರೆ ಜನರ ದುಡ್ಡು. ಪಾಕಿಸ್ತಾನಕ್ಕೇನು ಲಾಭವೇ? 2025ರ ಜೂನ್ ಕೊನೆಯೊಳಗೆ ಅದರ ಲೆಕ್ಕದಲ್ಲೂ 410 ಕೋಟಿ ಪಾಕಿಸ್ತಾನಿ ರೂಪಾಯಿ ಖೋತಾ.

ದುಡ್ಡಿನಲ್ಲಿ ಅಳೆಯಲಾಗದ್ದು ಅಟಾರಿ ಗೇಟಿನಲ್ಲಿ ನಡೆಯಿತು. ಪಾಕಿಸ್ತಾನಕ್ಕೆ ಮದುವೆಯಾಗಿ ಹೋಗಿದ್ದ, ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟೇ ಇದ್ದ ಹೆಂಗಸರನ್ನು ಈ ಕಡೆ ತಡೆದರು. ಅವರ ಮಕ್ಕಳ ಪಾಸ್‌ಪೋರ್ಟು ಆ ಕಡೆಯದು. ಅವು ಹೋಗಬೇಕು, ತಾಯಿ ಹೋಗಬಾರದು!

ಇನ್ನೊಂದು ಸಂಗತಿ. 2025ರ ಮೇ 21ರಂದು ದಿಲ್ಲಿಯಿಂದ ಶ್ರೀನಗರಕ್ಕೆ ಹೊರಟ ವಿಮಾನ ಪಠಾಣ್‌ಕೋಟ್ ಹತ್ತಿರ ಆಲಿಕಲ್ಲು ಮಳೆಗೆ ಸಿಕ್ಕಿತು. ಒಳಗೆ ಇನ್ನೂರಕ್ಕೂ ಹೆಚ್ಚು ಜನ. ಗಡಿಯ ಕಡೆ ಸ್ವಲ್ಪ ಸರಿದುಕೊಳ್ಳುತ್ತೇವೆ ಅಂತ ಪೈಲಟ್ ಕೇಳಿದರೆ ನಮ್ಮ ಕಡೆಯ ನಿಯಂತ್ರಣ ಕೇಂದ್ರ ಒಪ್ಪಲಿಲ್ಲ. ಲಾಹೋರನ್ನು ಕೇಳಿದರು, ಅದೂ ಒಪ್ಪಲಿಲ್ಲ. ಬಿರುಗಾಳಿಯ ನಡುವೆಯೇ ನುಗ್ಗಿದ ವಿಮಾನ, ಮೂತಿ ಜಜ್ಜಿಸಿಕೊಂಡು ಶ್ರೀನಗರದಲ್ಲಿ ಇಳಿಯಿತು.