ಬದನೆ ಹೊಲಕ್ಕೆ ಪಂಪಿಗಿಂತ ಮೊದಲು ಕತ್ತರಿ ಹೋಗಲಿ

ಸಮಗ್ರ ಕೀಟ ನಿರ್ವಹಣೆ ಅಂದರೇನು ಅಂತ ಯಾವ ಯುವ ರೈತರನ್ನ ಕೇಳಿದ್ರೂ ಉತ್ತರ ರೆಡಿ ಇರುತ್ತೆ. ಮೋಹಕ ಬಲೆ, ಹಳದಿ ಅಂಟು ಬಲೆ, ಬೇವಿನ ಕಷಾಯ, ಚೆಂಡು ಹೂ. ಎಲ್ಲಾ ಯೂಟ್ಯೂಬ್‌ನಲ್ಲಿ ನೋಡಿರ್ತಾರೆ. ಆದ್ರೆ ಅವರದ್ದೇ ಬದನೆ ಹೊಲಕ್ಕೆ ಹೋದ್ರೆ ವಾರಕ್ಕೆರಡು ಸ್ಪ್ರೇ ನಡೀತಿರುತ್ತೆ. ಹಾಗಾಗಿ ರೈತರಿಗೆ ಮಾಹಿತಿ ಇಲ್ಲ ಅನ್ನೋ ಮಾತನ್ನ ನಾನು ಒಪ್ಪಲ್ಲ. ಮಾಹಿತಿ ಇದೆ. ಯಾವ ಹುಳಕ್ಕೆ, ಯಾವ ಹೊತ್ತಿಗೆ, ಯಾವುದು ಅನ್ನೋ ಲೆಕ್ಕ ಇಲ್ಲ.

ಕುಡಿ ಮತ್ತು ಕಾಯಿ ಕೊರಕವನ್ನೇ ತಗೊಳ್ಳಿ. ಜಿಐ ಟ್ಯಾಗ್ ಸಿಕ್ಕ ಮಟ್ಟುಗುಳ್ಳವನ್ನೂ ಇದು ಬಿಡಲ್ಲ. ಮೊಟ್ಟೆಯೊಡೆದ ಮರಿಹುಳ ಕೆಲವೇ ಗಂಟೆಗಳಲ್ಲಿ ಕುಡಿಯೊಳಗೋ ಕಾಯಿಯೊಳಗೋ ಸೇರಿ, ತೂತನ್ನ ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತೆ. ಆಮೇಲೆ ಮೇಲಿಂದ ಎಷ್ಟು ಹೊಡೆದ್ರೂ ಅದಕ್ಕೆ ಸರಿಯಾಗಿ ತಾಗಲ್ಲ. ತಾಗೋದು ಹೊರಗೆ ಓಡಾಡೋ ಜೇಡ, ಗುಲಗಂಜಿ ಹುಳ, ಪರತಂತ್ರ ಕಣಜಗಳಿಗೆ. ಪೈರೆಥ್ರಾಯ್ಡ್ ಗುಂಪಿನ ಔಷಧಿಯನ್ನೇ ಪದೇ ಪದೇ ಹೊಡೆದ ಹೊಲದಲ್ಲಿ ನುಸಿ, ಬಿಳಿನೊಣ ಜಾಸ್ತಿ ಆಗೋದಕ್ಕೆ ಇದೂ ಒಂದು ಕಾರಣ. ಅಂಗಡಿಯಲ್ಲಿ ಅದಕ್ಕೆ ಇನ್ನೊಂದು ಬಾಟ್ಲಿ ಕೊಡ್ತಾರೆ, ಅಷ್ಟೇ.

ಈ ಹುಳಕ್ಕೆ ನಿಜವಾದ ಹೊಡೆತ ಕತ್ತರಿ. ಗಿಡ ಚೆನ್ನಾಗಿದ್ದು ಕುಡಿ ಮಾತ್ರ ಬಾಡಿ ಜೋತುಬಿದ್ದಿದ್ರೆ ಒಳಗೆ ಹುಳ ಇದೆ ಅಂತ ತಿಳೀರಿ. (ಇಡೀ ಗಿಡ ಬಾಡಿದ್ರೆ ಅದು ಸೊರಗು ರೋಗ ಇರಬಹುದು, ಆ ಕಥೆ ಬೇರೆ.) ಬಾಡಿದ ಜಾಗದಿಂದ ಸ್ವಲ್ಪ ಕೆಳಗೆ ಕತ್ತರಿಸಿ, ಚೀಲಕ್ಕೆ ಹಾಕಿ, ಹೊಲದಾಚೆ ತಂದು ಸುಡಿ. ಹುಳುಕು ಕಾಯಿಗೂ ಇದೇ ದಾರಿ. ಬದುವಿಗೆ ಎಸೆದ್ರೆ ಹುಳ ಅಲ್ಲೇ ಕೋಶ ಕಟ್ಟಿ, ಪತಂಗವಾಗಿ ವಾಪಸ್ ಬರುತ್ತೆ. ವಾರಕ್ಕೊಮ್ಮೆ ಇದಕ್ಕೆ ಕೂಲಿ ಎಲ್ಲಿಂದ ತರೋದು ಅಂತೀರಿ. ನ್ಯಾಯವಾದ ಪ್ರಶ್ನೆ. ಆದ್ರೆ ಹೇಗೂ 4-5 ದಿನಕ್ಕೊಮ್ಮೆ ಕಾಯಿ ಕೀಳ್ತೀರಲ್ಲ, ಕೀಳೋರ ಸೊಂಟಕ್ಕೆ ಇನ್ನೊಂದು ಚೀಲ ಕಟ್ಟಿ.

ಬಲೆ ವಿಷಯ. ಟೊಮೆಟೊ ಕಾಯಿ ಕೊರಕದ ಲೂರ್ ಬದನೆಯಲ್ಲಿ ಕೆಲಸ ಮಾಡಲ್ಲ, ಒಂದೊಂದು ಪತಂಗಕ್ಕೆ ಒಂದೊಂದು ವಾಸನೆ. ಹಳದಿ ಅಂಟು ಬಲೆಗೆ ಬೀಳೋದು ಬಿಳಿನೊಣದಂಥವು, ಕೊರಕ ಅಲ್ಲ. ಲೂರ್ ಕೊಳ್ಳುವಾಗ ಬದನೆ ಕೊರಕದ್ದೇ ಅಂತ ಕೇಳಿ ತಗೊಳ್ಳಿ, ಪ್ಯಾಕೆಟ್ ಮೇಲೆ ಹೇಳಿದ ಹೊತ್ತಿಗೆ ಬದಲಿಸಿ. ಬಿದ್ದ ಪತಂಗ ಎಣಿಸಿ ಫೋನಲ್ಲಿ ಬರೆದಿಡಿ. ಸಂಖ್ಯೆ ಏರ್ತಿದ್ರೆ ಮೊಟ್ಟೆ ಬೀಳೋ ಕಾಲ. ಬೇವಿನ ಬೀಜದ 5% ಕಷಾಯಕ್ಕಾಗಲಿ, ಅನಿವಾರ್ಯವಾದ್ರೆ ಔಷಧಿಗಾಗಲಿ ಅದೇ ಸರಿಯಾದ ಹೊತ್ತು. ಗಿಡದ ಫೋಟೋ ಅಂಗಡಿಗೆ ವಾಟ್ಸಾಪ್ ಮಾಡಿ ಏನು ಹೊಡೀಲಿ ಅಂತ ಕೇಳೋದಕ್ಕಿಂತ ಈ ಲೆಕ್ಕಕ್ಕೆ ಬೆಲೆ ಜಾಸ್ತಿ.

ಔಷಧಿಯೇ ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಹೊಡೆದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು ಅಂತ ಲೇಬಲ್ ಮೇಲೆ ಇರುತ್ತೆ, ಕೆಲವಕ್ಕೆ ವಾರಗಟ್ಟಲೆ. ವಾರಕ್ಕೆರಡು ಸ್ಪ್ರೇ, 4 ದಿನಕ್ಕೊಂದು ಕೊಯ್ಲು ಇದ್ದಲ್ಲಿ ಅದನ್ನ ಪಾಲಿಸೋಕೆ ಹೇಗೆ ಸಾಧ್ಯ? ಮನೆ ಅಡುಗೆಗೆ ಅಂತ ಔಷಧಿ ಇಲ್ಲದ ಎರಡು ಸಾಲು ಬೇರೆ ಬೆಳೆಯೋರು ನಮ್ಮಲ್ಲಿದ್ದಾರೆ. ಅಂದ್ರೆ ವಿಷಯ ಗೊತ್ತಿದೆ.

ಇನ್ನು ಹಳೇ ಬದನೆ ಕಡ್ಡಿ. ಒಲೆಗೆ ಆಗುತ್ತೆ ಅಂತ ಹೊಲದ ಮಗ್ಗುಲಲ್ಲೇ ಒಟ್ಟಿರ್ತಾರೆ. ಅದರೊಳಗಿನ ಕೋಶಗಳಿಂದ ವಾರಗಟ್ಟಲೆ ಪತಂಗ ಹೊರಡ್ತಾ ಇರುತ್ತೆ. ಮುಂದಿನ ನಾಟಿಗೆ ಮುಂಚೆ ನಿಮ್ಮದನ್ನ ಖಾಲಿ ಮಾಡಿ, ಬದುವಿನ ಆ ಕಡೆ ಇರೋ ರಾಶಿ ಯಾರದು ಅಂತ ವಿಚಾರಿಸಿ.